ಓದುಗರ ಪ್ರಶ್ನೆ, ನಮ್ಮ ಉತ್ತರ: ಜೊತೆಯಾಗಿ ಓಡಬೇಕಾದ ಲೀನಿಯರ್ ಮೋಟಾರುಗಳು

ಕಳೆದ ತಿಂಗಳು ಈ ಅಂಕಣದಲ್ಲಿ ಲೀನಿಯರ್ ಮೋಟಾರಿನ ಬಗ್ಗೆ ಒಂದು ಚಿಕ್ಕ ಉತ್ತರ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ಓದುತ್ತಾ ಕೂತಾಗ ಗೊತ್ತಾಯಿತು, ಬಹಳ ಜನರ ತಲೆನೋವು ಒಂದೇ. ಒಂಟಿ ಮೋಟಾರು ಚೆನ್ನಾಗಿಯೇ ಓಡುತ್ತದೆ. ಎರಡು ಮೂರು ಸೇರಿದಾಗ ಜಗಳ ಶುರು. ಇಂಥ ಯಂತ್ರಗಳನ್ನು ನಿಲ್ಲಿಸಿ, ಟ್ಯೂನ್ ಮಾಡಿ, ಓಡಿಸಿ ಕೊಡುವುದೇ ನನ್ನ ಇಪ್ಪತ್ತೆರಡು ವರ್ಷದ ಕೆಲಸ. ಹಾಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ.

ಪ್ರಶ್ನೆ: ಮೇಡಂ, ಲೀನಿಯರ್ ಮೋಟಾರು ಅಂದರೆ ಮಾಮೂಲಿ ಮೋಟಾರನ್ನು ಸೀಳಿ ಹಾಸಿದ್ದು, ಅಷ್ಟೇ ಅಂತ ನಮ್ಮ ಮೇಷ್ಟ್ರು ಹೇಳಿದರು. ಹಾಗಾದರೆ ಅದನ್ನು ಓಡಿಸುವುದರಲ್ಲಿ ಹೊಸ ಕಷ್ಟ ಏನಿದೆ?
— ಡಿಪ್ಲೊಮಾ ವಿದ್ಯಾರ್ಥಿನಿ

ಉತ್ತರ: ಮೇಷ್ಟ್ರು ಹೇಳಿದ್ದು ಸರಿ. ಸುತ್ತುವ ಮೋಟಾರನ್ನು ಉದ್ದಕ್ಕೆ ಸೀಳಿ, ಸುತ್ತಿಟ್ಟ ಚಾಪೆ ಬಿಡಿಸಿದ ಹಾಗೆ ಹಾಸಿದರೆ ಲೀನಿಯರ್ ಮೋಟಾರು. ಒಂದು ಕಡೆ ಆಯಸ್ಕಾಂತದ ಸಾಲು, ಇನ್ನೊಂದು ಕಡೆ ಕಾಯಿಲ್. ಸುತ್ತುವ ಬದಲು ನೇರವಾಗಿ ತಳ್ಳುತ್ತದೆ. ನಡುವೆ ಸ್ಕ್ರೂ ಇಲ್ಲ, ಬೆಲ್ಟ್ ಇಲ್ಲ, ಗೇರ್ ಇಲ್ಲ. ಸವೆತ ಕಮ್ಮಿ, ಸಡಿಲ ಆಡುವುದು ಇಲ್ಲವೇ ಇಲ್ಲ.

ಆದರೆ ಗೇರು ಮಾಡುತ್ತಿದ್ದ ಒಂದು ಉಪಕಾರ ಇಲ್ಲಿ ತಪ್ಪಿಹೋಗುತ್ತದೆ. 10ಕ್ಕೆ 1ರ ಗೇರಿನಲ್ಲಿ ಹೊರಗಿನ ತಳ್ಳಾಟ ಮೋಟಾರಿಗೆ ತಲುಪುವಾಗ ಹತ್ತನೇ ಒಂದು ಪಾಲು ಆಗಿರುತ್ತದೆ. ಲೀನಿಯರ್ ಮೋಟಾರಿಗೆ ಅಷ್ಟೂ ನೇರವಾಗಿ ಬಡಿಯುತ್ತದೆ. ಕೇಬಲ್ ಎಳೆದದ್ದು, ಗೈಡಿನಲ್ಲಿ ಗ್ರೀಸು ಗಟ್ಟಿಯಾದದ್ದು, ಬ್ಲೇಡು ಶೀಟಿಗೆ ಕಚ್ಚಿದ್ದು, ಎಲ್ಲವೂ. ಕಬ್ಬಿಣದ ಕೋರ್ ಇರುವ ಮೋಟಾರಾದರೆ ಹಲ್ಲು ಆಯಸ್ಕಾಂತದ ಮೇಲೆ ಹಾದಾಗಲೆಲ್ಲ ಒಂದು ಚಿಕ್ಕ ಜಗ್ಗಾಟ ಬೇರೆ. ಇದಕ್ಕೆ ಕಾಗಿಂಗ್ ಅನ್ನುತ್ತಾರೆ. ಒಂಟಿ ಮೋಟಾರಿಗೆ ಇದನ್ನೆಲ್ಲ ಸಹಿಸುವಷ್ಟು ಬಿಗಿ ಟ್ಯೂನಿಂಗ್ ಮಾಡಬಹುದು. ಎರಡು ಮೋಟಾರು ಒಂದೇ ತೊಲೆಯನ್ನು ಹಿಡಿದಿದ್ದರೆ, ಒಂದಕ್ಕೆ ಬಿದ್ದ ಪೆಟ್ಟು ಇನ್ನೊಂದಕ್ಕೂ ಗೊತ್ತಾಗಬೇಕು. ಹೊಸ ಕಷ್ಟ ಅಂದರೆ ಇದೇ.

ಪ್ರಶ್ನೆ: ನಮ್ಮ ಕಟಿಂಗ್ ಯಂತ್ರದ ಅಡ್ಡತೊಲೆಯ ಎರಡು ತುದಿಗೂ ಒಂದೊಂದು ಲೀನಿಯರ್ ಮೋಟಾರು ಇದೆ. ಯಂತ್ರ ಸುಮ್ನೆ ನಿಂತಿದ್ದಾಗಲೂ ಎರಡೂ ಬಿಸಿಯಾಗುತ್ತವೆ. ಡ್ರೈವ್ (ಮೋಟಾರಿಗೆ ಕರೆಂಟ್ ಕೊಟ್ಟು ಓಡಿಸುವ ಪೆಟ್ಟಿಗೆ) ಬದಲಿಸಿ ನೋಡಿದೆವು, ಹೋಗಲಿಲ್ಲ. ಏನು ಕಾರಣ?
— ಮೇಂಟೆನೆನ್ಸ್ ಫಿಟ್ಟರ್

ಉತ್ತರ: ನಿಮ್ಮ ಪತ್ರ ಓದಿದ ತಕ್ಷಣ ನನಗೆ ನೆನಪಾದದ್ದು ಹನ್ನೊಂದು ವರ್ಷದ ಹಿಂದಿನ ಒಂದು ರಾತ್ರಿ. ಅದೂ ಹೀಗೇ ಅಡ್ಡತೊಲೆಯ ಯಂತ್ರ, ಎರಡು ಹಳಿಗಳ ನಡುವೆ 1.2 ಮೀಟರ್. ಕಾಯಿಲ್ ಪಕ್ಕದ ಅಲ್ಯೂಮಿನಿಯಂ ಪ್ಲೇಟಿನ ಮೇಲೆ ಕೈ ಇಟ್ಟೆ, ಮೂರು ಎಣಿಸುವಷ್ಟರಲ್ಲಿ ತೆಗೆಯಬೇಕಾಯಿತು. ಯಂತ್ರ ಒಂದು ಗಂಟೆಯಿಂದ ಅಲ್ಲಾಡಿರಲಿಲ್ಲ. ಡ್ರೈವಿನ ಪರದೆಯಲ್ಲಿ ಕರೆಂಟ್ ನೋಡಿದೆ. ಎಡಗಡೆ ಮೋಟಾರು ಮುಂದಕ್ಕೆ 38 ಶೇಕಡಾ, ಬಲಗಡೆಯದು ಹಿಂದಕ್ಕೆ 36 ಶೇಕಡಾ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತೇವಲ್ಲ, ಅದೇ. ತೊಲೆ ಗಟ್ಟಿ ಇದ್ದದ್ದರಿಂದ ಯಾವುದೂ ಅಲ್ಲಾಡಲಿಲ್ಲ, ಶಕ್ತಿಯೆಲ್ಲ ಶಾಖವಾಗಿ ಹೋಗುತ್ತಿತ್ತು.

ತೊಲೆಯ ತುದಿಗೆ ಡಯಲ್ ಗೇಜ್ ಇಟ್ಟು ಎರಡೂ ಡ್ರೈವ್ ಆಫ್ ಮಾಡಿದೆ. 'ಟಕ್' ಅಂತ ಒಂದು ಸಣ್ಣ ಶಬ್ದ. ಮುಳ್ಳು 60 ಮೈಕ್ರಾನ್ ಹಾರಿತು (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ತೊಲೆ ತಿರುಚಿಕೊಂಡು ನಿಂತಿದ್ದು ಬಿಡುಗಡೆಯಾಯಿತು.

ನಡೆದದ್ದು ಇಷ್ಟು. ಹಿಂದಿನ ವಾರ ಒಂದು ಕಡೆಯ, ಮೋಟಾರು ಎಲ್ಲಿದೆ ಅಂತ ಅಳೆಯುವ ಎನ್‌ಕೋಡರ್ ಹೆಡ್ ಬದಲಿಸಿದ್ದರು. ಹೊಸ ಹೆಡ್ ಕೂತ ಜಾಗ ಕೂದಲೆಳೆಯಷ್ಟು ಆಚೀಚೆ. ಆಮೇಲೆ ಎರಡೂ ಬದಿಗೆ ಪ್ರತ್ಯೇಕವಾಗಿ ಹೋಮಿಂಗ್ (ಅಳತೆ ಶುರುವಾಗುವ ಜಾಗ ಗುರುತಿಸುವುದು) ಮಾಡಿ ಸೊನ್ನೆ ಅಂತ ಒಪ್ಪಿಕೊಂಡಿದ್ದರು. ಈಗ ಎಡ ಮೋಟಾರಿನ ಸೊನ್ನೆಗೂ ಬಲ ಮೋಟಾರಿನ ಸೊನ್ನೆಗೂ 60 ಮೈಕ್ರಾನ್ ವ್ಯತ್ಯಾಸ. ಎರಡು ಡ್ರೈವಿನಲ್ಲೂ ಇಂಟಿಗ್ರೇಟರ್ ಇದೆ. ಅದರ ಸ್ವಭಾವ ಏನೆಂದರೆ, ಒಂದು ಮೈಕ್ರಾನ್ ತಪ್ಪು ಉಳಿದರೂ ಬಿಡದೆ ಬಲ ಏರಿಸುತ್ತಾ ಹೋಗುವುದು. ಎರಡೂ ಹಟ ಹಿಡಿದವು. ಡ್ರೈವ್ ಬದಲಿಸಿದರೆ ಇದು ಹೋಗುವುದಿಲ್ಲ, ಯಾಕೆಂದರೆ ಯಾವ ಡ್ರೈವಿನದೂ ತಪ್ಪಿಲ್ಲ.

ನೀವು ಮಾಡಬೇಕಾದದ್ದು ಹೇಳುತ್ತೇನೆ. ಮೊದಲು ಎರಡೂ ಡ್ರೈವ್ ಆಫ್ ಮಾಡಿ, ತೊಲೆಯನ್ನು ಕೈಯಿಂದ ನಿಧಾನವಾಗಿ ಹಿಂದೆ ಮುಂದೆ ದೂಡಿ ಬಿಡಿ. ಅದು ತನ್ನ ಸಹಜ ನೇರಕ್ಕೆ ಬಂದು ನಿಲ್ಲುತ್ತದೆ. ಆಗ ಎರಡು ಎನ್‌ಕೋಡರಿನ ಅಂಕಿಗಳ ವ್ಯತ್ಯಾಸ ಬರೆದುಕೊಳ್ಳಿ. ಮೂರು ನಾಲ್ಕು ಸಲ ಮಾಡಿ, ಒಂದೇ ಅಂಕಿ ಬರುತ್ತದಾ ನೋಡಿ. ತೊಲೆ ಹಳಿಗೆ ಚೌಕವಾಗಿದೆ ಅಂತಲೂ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಆ ವ್ಯತ್ಯಾಸವನ್ನು ಕಂಟ್ರೋಲರಿನಲ್ಲಿ ಆಫ್‌ಸೆಟ್ ಆಗಿ ಕೊಡಿ. ಬಿಸಿ ಅಲ್ಲಿಗೇ ಬಹುಪಾಲು ಇಳಿಯುತ್ತದೆ.

ಇದು ಪೂರ್ತಿ ಮದ್ದಲ್ಲ. ದಿನದ ಬಿಸಿಗೆ ಉಕ್ಕು ಪ್ರತಿ ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. ಎರಡು ಬದಿ ಒಂದೇ ಸಮ ಬಿಸಿಯಾಗುವುದಿಲ್ಲ. ಹಾಗಾಗಿ ನಾನು ಎರಡು ಮೋಟಾರನ್ನು 'ಎಡ' ಮತ್ತು 'ಬಲ' ಅಂತ ನೋಡುವುದನ್ನೇ ಬಿಟ್ಟಿದ್ದೇನೆ. ಕಂಟ್ರೋಲರಿಗೆ ಬೇರೆ ಎರಡು ಅಂಕಿ ಕೊಡುತ್ತೇನೆ. ಒಂದು, ಎರಡರ ಸರಾಸರಿ. ಅದು ತೊಲೆ ಎಲ್ಲಿದೆ ಅನ್ನುವುದು. ಇನ್ನೊಂದು, ಎರಡರ ವ್ಯತ್ಯಾಸ. ಅದು ತೊಲೆ ಎಷ್ಟು ತಿರುಚಿದೆ ಅನ್ನುವುದು. ಸರಾಸರಿಗೆ ಬಿಗಿ ಗೇನ್ (ತಪ್ಪು ಕಂಡಾಗ ಎಷ್ಟು ಜೋರಾಗಿ ತಿದ್ದಬೇಕು ಅನ್ನುವ ಅಂಕಿ), ಇಂಟಿಗ್ರೇಟರ್ ಎರಡೂ ಇರಲಿ. ವ್ಯತ್ಯಾಸಕ್ಕೆ ಬೇರೆ ಗೇನ್, ಇಂಟಿಗ್ರೇಟರ್ ಬೇಡ ಅಥವಾ ಬಹಳ ಮೆತ್ತಗಿರಲಿ. ಆಗ ಹಟ ಹಿಡಿಯುವವರು ಇಬ್ಬರಿರುವುದಿಲ್ಲ.

ಇನ್ನೊಂದು ಮಾತು. ತೊಲೆಯ ಮೇಲೆ ಕತ್ತರಿಸುವ ಹೆಡ್ ಆ ತುದಿಯಿಂದ ಈ ತುದಿಗೆ ಓಡುತ್ತದೆ ಅಲ್ವಾ? ಹೆಡ್ ಎಡಕ್ಕೆ ಕಾಲುಭಾಗದಲ್ಲಿದ್ದಾಗ ಅದನ್ನು ಮುಂದಕ್ಕೆ ತಳ್ಳುವ ಹೊರೆಯಲ್ಲಿ 75 ಪಾಲು ಎಡ ಮೋಟಾರಿನದು, 25 ಬಲದ್ದು. ಎರಡಕ್ಕೂ ಯಾವಾಗಲೂ ಸಮ ಬಲ ಕೊಡುತ್ತಿದ್ದರೆ ವೇಗ ಏರುವಾಗಲೆಲ್ಲ ತೊಲೆ ಒಂದು ಕಡೆ ಹಿಂದೆ ಬೀಳುತ್ತದೆ. ಹೆಡ್ಡಿನ ಜಾಗ ನೋಡಿ ಬಲ ಹಂಚುವ ಸಾಲು ನಿಮ್ಮ ಪ್ರೋಗ್ರಾಮಿನಲ್ಲಿದೆಯೋ ಇಲ್ಲವೋ ಒಮ್ಮೆ ನೋಡಿ.

ಪ್ರಶ್ನೆ: ಪ್ರತಿ ಮೋಟಾರೂ ತನ್ನ ಗುರಿಯನ್ನು ಸರಿಯಾಗಿ ಹಿಂಬಾಲಿಸಿದರೆ ಸಾಲದೇ? ಒಂದಕ್ಕೊಂದು ಮಾತಾಡಲೇಬೇಕಾ?
— ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿ

ಉತ್ತರ: ಒಂದು ಲೆಕ್ಕ ಮಾಡಿ. ಮೊದಲ ಯಂತ್ರದಲ್ಲಿ ಎರಡೂ ಮೋಟಾರು ಗುರಿಗಿಂತ 30 ಮೈಕ್ರಾನ್ ಹಿಂದಿವೆ. ಎರಡನೇ ಯಂತ್ರದಲ್ಲಿ ಒಂದು 10 ಮೈಕ್ರಾನ್ ಹಿಂದೆ, ಇನ್ನೊಂದು 10 ಮೈಕ್ರಾನ್ ಮುಂದೆ. ಒಂದೊಂದರ ತಪ್ಪು ನೋಡಿದರೆ ಎರಡನೆಯದೇ ಉತ್ತಮ. ಆದರೆ ತೊಲೆಗೆ ಬೇಕಾದದ್ದು ಮೊದಲನೆಯದು. ಅಲ್ಲಿ ಮೋಟಾರುಗಳ ನಡುವಿನ ತಪ್ಪು ಸೊನ್ನೆ, ಇಲ್ಲಿ 20 ಮೈಕ್ರಾನ್. ಇಬ್ಬರು ಮಂಚ ಹೊತ್ತು ಮೆಟ್ಟಿಲು ಹತ್ತುವಾಗ ಇಬ್ಬರೂ ನಿಧಾನವಾದರೆ ತೊಂದರೆ ಇಲ್ಲ. ಒಬ್ಬ ನಿಧಾನ, ಒಬ್ಬ ಜೋರು ಆದರೆ ಮಂಚ ಗೋಡೆಗೆ ಬಡಿಯುತ್ತದೆ.

ಈ 'ನಡುವಿನ ತಪ್ಪ'ನ್ನು ಅಳೆದು, ಅದನ್ನೇ ಎರಡೂ ಅಕ್ಷಗಳಿಗೆ ತಿರುಗಿ ಕೊಡುವ ವಿಧಾನವನ್ನು ಎಂಜಿನಿಯರ್ ಯೊರಾಮ್ ಕೋರೆನ್ 1980ರಲ್ಲಿ ಮುಂದಿಟ್ಟರು. ಕ್ರಾಸ್ ಕಪ್ಲಿಂಗ್ ಅಂತ ಹೆಸರು. ಮುಂದಿರುವವನನ್ನು ಸ್ವಲ್ಪ ತಡೆಯುತ್ತದೆ, ಹಿಂದಿರುವವನನ್ನು ಸ್ವಲ್ಪ ತಳ್ಳುತ್ತದೆ. ಅದಕ್ಕಿಂತ ಸರಳವಾದ ಮಾಸ್ಟರ್–ಸ್ಲೇವ್ ವಿಧಾನವನ್ನು ಈಗಲೂ ಬಹಳ ಕಡೆ ಹಾಕುತ್ತಾರೆ. ಅದರಲ್ಲಿ ಮಾಸ್ಟರಿಗೆ ಪೆಟ್ಟು ಬಿದ್ದರೆ ಸ್ಲೇವ್ ಹಿಂಬಾಲಿಸುತ್ತದೆ. ಸ್ಲೇವಿಗೆ ಪೆಟ್ಟು ಬಿದ್ದರೆ ಮಾಸ್ಟರಿಗೆ ಸುದ್ದಿಯೇ ಇಲ್ಲ, ತನ್ನ ಪಾಡಿಗೆ ಓಡುತ್ತಿರುತ್ತದೆ. ಗಟ್ಟಿ ತೊಲೆಗೆ ನಾನಂತೂ ಅದನ್ನು ಹಾಕುವುದಿಲ್ಲ.

ಪ್ರಶ್ನೆ: ನೆಟ್‌ವರ್ಕಿನಲ್ಲಿ ಒಂದು ಮಿಲಿಸೆಕೆಂಡ್ ತಡವಾದರೆ ಏನು ಮಹಾ? ನಾನು ಸಾಫ್ಟ್‌ವೇರ್ ಕಡೆಯಿಂದ ಬಂದವನು. ನಮ್ಮಲ್ಲಿ ನೂರು ಮಿಲಿಸೆಕೆಂಡನ್ನೂ ಯಾರೂ ಕೇಳುವುದಿಲ್ಲ.
— ಪ್ರೋಗ್ರಾಮರ್

ಉತ್ತರ: ಸೆಕೆಂಡಿಗೆ 2 ಮೀಟರ್ ಓಡುವ ಮೋಟಾರು ಒಂದು ಮಿಲಿಸೆಕೆಂಡಿನಲ್ಲಿ 2 ಮಿಲಿಮೀಟರ್ ಹೋಗಿರುತ್ತದೆ. ನಾವು ಹುಡುಕುತ್ತಿರುವುದು 20 ಮೈಕ್ರಾನ್. ಅಂದರೆ ನೂರು ಪಟ್ಟು ಆಚೆ. ಒಂದು ಮೈಕ್ರೋಸೆಕೆಂಡ್ ಆದರೆ 2 ಮೈಕ್ರಾನ್, ಅದು ನಡೆಯುತ್ತದೆ.

ಇದರಲ್ಲಿ ಎರಡು ಬಗೆ ಇವೆ, ದಯವಿಟ್ಟು ಬೇರೆ ಬೇರೆ ಇಟ್ಟುಕೊಳ್ಳಿ. ಯಾವಾಗಲೂ ಒಂದೇ ಅಳತೆಯ ತಡ ಒಂದು. ಅದನ್ನು ಲೆಕ್ಕಕ್ಕೆ ಹಿಡಿದು ಸರಿದೂಗಿಸಬಹುದು. ಒಂದು ಸಲ 200 ಮೈಕ್ರೋಸೆಕೆಂಡ್, ಇನ್ನೊಂದು ಸಲ 900 ಆಗುವ ತಡ ಇನ್ನೊಂದು. ಇದು ಜಿಟ್ಟರ್. ಇದೇ ಯಂತ್ರ ಕೆಡಿಸುವುದು. ಸರಾಸರಿ ತಡ ಜಾಸ್ತಿ ಇದ್ದರೂ ಪರವಾಗಿಲ್ಲ, ಅಲುಗಾಡದ ನೆಟ್‌ವರ್ಕನ್ನೇ ನಾನು ಆರಿಸುತ್ತೇನೆ.

ಅದಕ್ಕೇ ಇಲ್ಲಿ ಮಾಮೂಲಿ ಈಥರ್ನೆಟ್ಟನ್ನು ಹಾಗೇ ಬಳಸುವುದಿಲ್ಲ. 2003ರಲ್ಲಿ ಬಂದ, ಯಂತ್ರಗಳಿಗೆಂದೇ ಮಾಡಿದ ಈಥರ್ನೆಟ್ ಬಗೆಯಾದ ಈಥರ್‌ಕ್ಯಾಟ್‌ನಲ್ಲಿ ಒಂದೇ ಫ್ರೇಮ್ (ಸಂದೇಶದ ಕಟ್ಟು) ಸಾಲಾಗಿ ಎಲ್ಲ ಡ್ರೈವಿನ ಮೂಲಕ ಹಾದುಹೋಗುತ್ತದೆ. ಹಾದುಹೋಗುವಾಗಲೇ ಪ್ರತಿ ಡ್ರೈವ್ ತನ್ನ ಪಾಲಿನ ಬೈಟ್ ತೆಗೆದುಕೊಂಡು, ತನ್ನ ಉತ್ತರ ಬರೆದು ಬಿಡುತ್ತದೆ. ಅದಕ್ಕಿಂತ ಮುಖ್ಯವಾದದ್ದು ಗಡಿಯಾರ. ಪ್ರತಿ ಡ್ರೈವಿನೊಳಗೂ ಒಂದು ಗಡಿಯಾರ ಇದೆ, ಕೇಬಲಿನ ತಡವನ್ನೂ ಅಳೆದು ಅವೆಲ್ಲವನ್ನೂ ಒಂದು ಮೈಕ್ರೋಸೆಕೆಂಡಿಗಿಂತ ಕಮ್ಮಿ ವ್ಯತ್ಯಾಸಕ್ಕೆ ತಂದು ಕಟ್ಟಿಹಾಕುತ್ತದೆ. 2002ರಲ್ಲಿ ಮೊದಲು ಬಂದ ಐಇಇಇ 1588 ಅನ್ನುವ ಮಾನದಂಡದ ಕೆಲಸವೂ ನೆಟ್‌ವರ್ಕಿನ ಗಡಿಯಾರಗಳನ್ನು ಹೀಗೆ ಹೊಂದಿಸುವುದೇ. ಸಂದೇಶ ಸ್ವಲ್ಪ ಮುಂಚೆ ಬಂದರೂ ಡ್ರೈವ್ ಕಾಯುತ್ತದೆ. ಗಡಿಯಾರದ ಮುಳ್ಳು ಬಂದಾಗಲೇ ಎಲ್ಲವೂ ಒಟ್ಟಿಗೆ ಎನ್‌ಕೋಡರ್ ಓದುತ್ತವೆ, ಒಟ್ಟಿಗೆ ಹೊಸ ಗುರಿ ಹಿಡಿಯುತ್ತವೆ.

ನೀವು ಪ್ರೋಗ್ರಾಮರ್ ಆದ್ದರಿಂದ ಇದನ್ನೂ ಹೇಳಬೇಕು. ಕಳೆದುಹೋದ ಸಂದೇಶವನ್ನು ಮತ್ತೆ ಕೇಳಿ ತರಿಸಿಕೊಳ್ಳುವ ಅಭ್ಯಾಸ ಇಲ್ಲಿ ಬಿಡಿ. ಒಂದು ಮಿಲಿಸೆಕೆಂಡ್ ಹಿಂದಿನ ಜಾಗದ ಅಂಕಿ ಈಗ ಬಂದು ಏನೂ ಪ್ರಯೋಜನ ಇಲ್ಲ. ಅದನ್ನು ಬಿಟ್ಟು, ಹಿಂದಿನ ಜಾಗ ಮತ್ತು ವೇಗದಿಂದ ಈಗ ಎಲ್ಲಿರಬಹುದು ಅಂತ ಒಂದು ಸೈಕಲ್ ಅಂದಾಜು ಮಾಡಿ. ಸತತ ಎರಡು ಮೂರು ಸಂದೇಶ ತಪ್ಪಿದರೆ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿ.

ಸಮಯದ ತೊಂದರೆಯೋ ಬೇರೆಯದೋ ಅಂತ ಗುರುತಿಸುವ ನನ್ನ ಕ್ರಮ ಹೀಗಿದೆ. ಎರಡು ಮೋಟಾರಿನ ವ್ಯತ್ಯಾಸದ ಗ್ರಾಫ್ ತೆಗೆದು, ಬೇರೆ ಬೇರೆ ವೇಗದಲ್ಲಿ ಓಡಿಸುತ್ತೇನೆ. ವೇಗ ಎರಡು ಪಟ್ಟಾದಾಗ ವ್ಯತ್ಯಾಸವೂ ಎರಡು ಪಟ್ಟಾದರೆ ಅನುಮಾನ ಸಮಯದ ಮೇಲೆ. ಎರಡರ ಪೊಸಿಷನ್ ಗೇನ್ ಬೇರೆಯಾಗಿದ್ದರೂ ಹೀಗೇ ಕಾಣುತ್ತದೆ, ಅದನ್ನು ಮೊದಲು ಸಮ ಮಾಡಿ. ಯಾವ ವೇಗಕ್ಕೂ ವ್ಯತ್ಯಾಸ ಬದಲಾಗದಿದ್ದರೆ ಅದು ಹೋಮಿಂಗ್ ತಪ್ಪು. ವೇಗ ಏರುವಾಗ, ಇಳಿಯುವಾಗ ಮಾತ್ರ ಬಂದರೆ ಹೊರೆ ಹಂಚಿಕೆಯದು. ಪ್ರತಿ 32 ಮಿಲಿಮೀಟರಿಗೆ ಒಂದು ಅಲೆ ಅಂತ ಗೆರೆ ಎಳೆದ ಹಾಗೆ ಬಂದರೆ ಆಯಸ್ಕಾಂತದ ಜೋಡಿಯ ಅಳತೆ ನೋಡಿ. ಅದೂ 32 ಇದ್ದರೆ ಕಾಗಿಂಗ್ ಸಿಕ್ಕಿತು. ಅರ್ಧ ಗಂಟೆಯ ಕೆಲಸ. ಇದನ್ನು ಮಾಡದೆ ಗೇನ್ ತಿರುಗಿಸುತ್ತಾ ಕೂತು ದಿನಗಟ್ಟಲೆ ಕಳೆದವರನ್ನು ನೋಡಿದ್ದೇನೆ, ಬೇಜಾರಾಗುತ್ತದೆ.

ಪ್ರಶ್ನೆ: ಎರಡರ ಬದಲು ಹತ್ತು ಇಪ್ಪತ್ತು ಮೋಟಾರು ಇದ್ದರೆ? ಎಲ್ಲವೂ ಎಲ್ಲದರ ಜೊತೆ ಮಾತಾಡಬೇಕಾ?
— ಸಂಶೋಧನಾ ವಿದ್ಯಾರ್ಥಿನಿ

ಉತ್ತರ: ಬೇಡ. ನಾಲ್ಕಕ್ಕೆ 6 ಜೋಡಿ, ಹತ್ತಕ್ಕೆ 45 ಜೋಡಿ ಆಗುತ್ತವೆ, ಸಂಭಾಳಿಸಲು ಆಗುವುದಿಲ್ಲ. ಪಕ್ಕದವರ ಜೊತೆ ಮಾತ್ರ ಮಾತಾಡಿದರೂ ಎಲ್ಲರೂ ಒಂದು ಒಪ್ಪಂದಕ್ಕೆ ಬರುತ್ತಾರೆ. ಇದು ನನಗೆ ಬಹಳ ಇಷ್ಟವಾದ ವಿಷಯ, ಕಾಗದ ಪೆನ್ಸಿಲ್ ತಗೊಂಡು ಜೊತೆಗೇ ಮಾಡಿ.

ನಾಲ್ಕು ಮೋಟಾರು ವರ್ತುಲವಾಗಿ ಕೂತಿವೆ ಅಂದುಕೊಳ್ಳಿ. ಅವುಗಳ ಜಾಗ 10, 14, 12, 20 ಮಿಲಿಮೀಟರ್. ಪ್ರತಿಯೊಂದೂ ತನ್ನ ಮತ್ತು ಎರಡು ಪಕ್ಕದವರ ಅಂಕಿಯ ಸರಾಸರಿಗೆ ಸರಿಯಲಿ. ಮೊದಲನೆಯದು 10, 14, 20ರ ಸರಾಸರಿ 14.67ಕ್ಕೆ ಬರುತ್ತದೆ. ಎರಡನೆಯದು 12, ಮೂರನೆಯದು 15.33, ನಾಲ್ಕನೆಯದು 14. ಮೊದಲು ಅತಿ ಮುಂದಿನದಕ್ಕೂ ಅತಿ ಹಿಂದಿನದಕ್ಕೂ 10 ಮಿಲಿಮೀಟರ್ ಅಂತರ ಇತ್ತು, ಈಗ 3.33. ಇನ್ನೊಂದು ಸುತ್ತು ಮಾಡಿ. 13.56, 14, 13.78, 14.67. ಅಂತರ 1.11. ಪ್ರತಿ ಸುತ್ತಿಗೂ ಮೂರನೇ ಒಂದು. ಯಾರೂ ಯಜಮಾನ ಇಲ್ಲ, ಆದರೂ ಎಲ್ಲವೂ ಮೊದಲ ಸರಾಸರಿಯಾದ 14ರ ಕಡೆಗೇ ಹೋಗುತ್ತಿವೆ. ಮೊದಲ ಸಲ ಕೈಯಲ್ಲಿ ಮಾಡಿದಾಗ ನನಗೆ ಆದ ಸಂತೋಷ ಇನ್ನೂ ನೆನಪಿದೆ.

ಈಗ ಕಷ್ಟದ ಭಾಗ. ವರ್ತುಲ ದೊಡ್ಡದಾದಷ್ಟೂ ಸುದ್ದಿ ಹರಡುವುದು ನಿಧಾನ. ಇಪ್ಪತ್ತು ಮೋಟಾರಿಗೆ ಇದೇ ಸರಾಸರಿ ಹಾಕಿದರೆ, ಅಂತರ ಮೂರನೇ ಒಂದಕ್ಕೆ ಇಳಿಯಲು ಸುಮಾರು 33 ಸುತ್ತು ಬೇಕಾಗಬಹುದು. ಅಲ್ಲಲ್ಲಿ ಎದುರುಬದುರಿನವರಿಗೆ ಒಂದೆರಡು ನೇರ ಕೊಂಡಿ ಕೊಟ್ಟರೆ ಇದು ಚುರುಕಾಗುತ್ತದೆ. ಓಡುವ ಯಂತ್ರಕ್ಕೆ ಸರಾಸರಿ ಒಂದೇ ಸಾಲದು, ಎಲ್ಲಿಗೆ ಹೋಗಬೇಕು ಅಂತ ಕನಿಷ್ಠ ಒಂದು ಮೋಟಾರಿಗಾದರೂ ಗೊತ್ತಿರಬೇಕು. ಉಳಿದವು ಅದರ ಜೊತೆ ಬರುತ್ತವೆ.

ತಡದ ಮಾತೂ ಇಲ್ಲಿದೆ. ಒಲ್ಫಾತಿ–ಸಾಬೆರ್ ಮತ್ತು ಮರ್ರಿ ಅನ್ನುವ ಸಂಶೋಧಕರು 2004ರಲ್ಲಿ ತೋರಿಸಿದ ಲೆಕ್ಕದ ಪ್ರಕಾರ, ಸರಳ ಮಾದರಿಯಲ್ಲಿ ಗೇನ್ ಜಾಸ್ತಿ ಆದಷ್ಟೂ ಸಹಿಸಬಹುದಾದ ತಡ ಕಮ್ಮಿ. ನಾಲ್ಕರ ವರ್ತುಲದಲ್ಲಿ ಗೇನ್ ಸೆಕೆಂಡಿಗೆ 100 ಇದ್ದರೆ ಮಿತಿ 3.9 ಮಿಲಿಸೆಕೆಂಡ್. ಅದನ್ನು ದಾಟಿದರೆ ಒಪ್ಪಂದದ ಬದಲು ತೂಗಾಟ ಶುರುವಾಗುತ್ತದೆ, ಅದು ಬೆಳೆಯುತ್ತಲೇ ಹೋಗುತ್ತದೆ. ನಿಜವಾದ ಮೋಟಾರಿಗೆ ತೂಕ ಇದೆ, ಒಳಗಿನ ಲೂಪಿಗೂ ತನ್ನದೇ ತಡ ಇದೆ. ಹಾಗಾಗಿ ನಾನು ಈ ಮಿತಿಯ ಕಾಲುಭಾಗವನ್ನೂ ದಾಟುವುದಿಲ್ಲ.

ಕೊನೆಗೆ, ಒಂದು ಮೋಟಾರು ಕೆಟ್ಟು ನಿಂತರೆ ಅದರ ಹಳೆಯ ಅಂಕಿಯನ್ನೇ ಪಕ್ಕದವು ನಂಬಿಕೊಂಡು ಕೂರಬಾರದು. ಪ್ರತಿ ಅಂಕಿಯ ಜೊತೆ ಸಮಯದ ಗುರುತು ಕಳಿಸಿ. ಹಳತಾದರೆ ಸರಾಸರಿಯಿಂದ ಬಿಡಿ. ನಿಮ್ಮ ಸಿಮ್ಯುಲೇಶನ್ನಿನಲ್ಲಿ ಇದನ್ನು ಹಾಕಿ ನೋಡಿ, ಬಹಳ ಪ್ರಬಂಧಗಳಲ್ಲಿ ಇದನ್ನು ಮುಟ್ಟುವುದೇ ಇಲ್ಲ.

ಪ್ರಶ್ನೆ: ನಮ್ಮ ಲೈನಿನಲ್ಲಿ ಆಯಸ್ಕಾಂತ ಹೊತ್ತ ಗಾಡಿಗಳು ಟ್ರ್ಯಾಕಿನ ಮೇಲೆ ಓಡುತ್ತವೆ. ಒಂದು ತುಂಡಿನಿಂದ ಇನ್ನೊಂದಕ್ಕೆ ದಾಟುವಾಗ ಸಣ್ಣ ಜರ್ಕ್ ಹೊಡೆಯುತ್ತದೆ.
— ಲೈನ್ ಆಪರೇಟರ್

ಉತ್ತರ: ಗಾಡಿ ಜಾಯಿಂಟಿನ ಮೇಲಿದ್ದಾಗ ಎರಡು ಡ್ರೈವ್ ಒಂದೇ ಗಾಡಿಯನ್ನು ತಳ್ಳುತ್ತಿರುತ್ತವೆ. ಆಯಸ್ಕಾಂತ ಎಷ್ಟು ಭಾಗ ಯಾರ ಕಾಯಿಲ್ ಮೇಲಿದೆಯೋ ಅಷ್ಟು ಪಾಲು ಅವರು ತಳ್ಳಬೇಕು. ಎರಡನೆಯದು ತಡವಾಗಿ ಕೈ ಹಾಕಿದರೆ ಗಾಡಿ ತಗ್ಗುತ್ತದೆ, ಎರಡೂ ಪೂರ್ತಿ ತಳ್ಳಿದರೆ ನೆಗೆಯುತ್ತದೆ. ಶಾಂಘೈನ ಮ್ಯಾಗ್ಲೆವ್ (ಆಯಸ್ಕಾಂತದ ಬಲದಲ್ಲಿ ತೇಲಿ ಓಡುವ) ರೈಲಿನ ಸುಮಾರು 30 ಕಿಲೋಮೀಟರ್ ಹಾದಿಯಲ್ಲೂ ಕಾಯಿಲ್ ಇರುವುದು ಹಾದಿಯಲ್ಲೇ. ರೈಲು ಇರುವ ತುಂಡಿಗೆ ಮಾತ್ರ ಕರೆಂಟ್ ಕೊಡುತ್ತಾ, ತುಂಡಿನಿಂದ ತುಂಡಿಗೆ ಒಪ್ಪಿಸುತ್ತಾ ಹೋಗುತ್ತಾರೆ.

ನಾನು ಗಾಡಿಯ ಮೇಲೆ ಅರ್ಧ ಲೋಟ ನೀರು ಇಟ್ಟು ನಿಧಾನವಾಗಿ ಓಡಿಸುತ್ತೇನೆ. ಜಾಯಿಂಟಿನಲ್ಲಿ ನೀರು ಮುಂದಕ್ಕೆ ವಾಲಿದರೆ ಗಾಡಿ ತಡೆಯಿತು ಅಂತ, ಹಿಂದಕ್ಕೆ ವಾಲಿದರೆ ನೂಕಿತು ಅಂತ. ಎಲ್ಲ ಜಾಯಿಂಟಿನಲ್ಲೂ ಆದರೆ ಹಂಚಿಕೆಯ ಲೆಕ್ಕ ತಪ್ಪಿದೆ. ಒಂದೇ ಕಡೆ ಆದರೆ ಆ ಎರಡು ತುಂಡಿನ ಎನ್‌ಕೋಡರ್ ಅಂಕಿ ಹೊಂದಿಕೆ ಆಗಿಲ್ಲ. ನಿಮ್ಮ ಎಂಜಿನಿಯರಿಗೆ ಜಾಯಿಂಟಿನ ನಂಬರ್ ಬರೆದು ಕೊಡಿ, ಅವರ ಅರ್ಧ ಕೆಲಸ ಮುಗಿದಂತೆ.

ಪ್ರಶ್ನೆ: ಕೇಬಲ್ ಬದಲು ವೈಫೈ ಆಗುತ್ತದಾ?
— ಹವ್ಯಾಸಿ

ಉತ್ತರ: ಗುರಿ ಕಳಿಸಲು, ಸ್ಥಿತಿ ನೋಡಲು ಆಗುತ್ತದೆ. ಒಂದೇ ತೊಲೆ ಹಿಡಿದ ಎರಡು ಮೋಟಾರನ್ನು ಅದರ ಮೇಲೆ ಜೋಡಿಸಬೇಡಿ.

ಪ್ರಶ್ನೆ: ಎರಡು ಲೀನಿಯರ್ ಮೋಟಾರು ಸೇರಿ ಒಂದು ಪ್ಲೇಟನ್ನು ಮೇಲಕ್ಕೆ ಎತ್ತುತ್ತವೆ. ಕರೆಂಟ್ ಹೋದಾಗ ಪ್ಲೇಟ್ ಒಂದು ಕಡೆ ವಾಲಿ ಸಿಕ್ಕಿಕೊಂಡಿತು. ಬ್ರೇಕ್ ಎರಡೂ ಕಡೆ ಇದೆ.
— ಸೂಪರ್‌ವೈಸರ್

ಉತ್ತರ: ಯಾರಿಗೂ ಪೆಟ್ಟಾಗಿಲ್ಲ ಅಂದುಕೊಳ್ಳುತ್ತೇನೆ. ಸ್ಕ್ರೂ ಇದ್ದರೆ ಅದರ ತಿಕ್ಕಾಟವಾದರೂ ಸ್ವಲ್ಪ ತಡೆಯುತ್ತಿತ್ತು. ಲೀನಿಯರ್ ಮೋಟಾರು ಕರೆಂಟ್ ಹೋದ ಕೂಡಲೇ ಕೈ ಬಿಡುತ್ತದೆ. ಒಂದು ಬ್ರೇಕ್ 20 ಮಿಲಿಸೆಕೆಂಡಿಗೆ ಹಿಡಿಯಿತು, ಇನ್ನೊಂದು 50ಕ್ಕೆ ಅಂತಿರಲಿ. ತಡೆಯಿಲ್ಲದೆ ಬಿದ್ದರೆ 20ಕ್ಕೆ 2 ಮಿಲಿಮೀಟರ್, 50ಕ್ಕೆ 12 ಮಿಲಿಮೀಟರ್. ಎರಡು ಬದಿಗೆ 10 ಮಿಲಿಮೀಟರ್ ವ್ಯತ್ಯಾಸ ಆಯಿತು, ಗೈಡ್ ಸಿಕ್ಕಿಕೊಳ್ಳಲು ಅಷ್ಟು ಧಾರಾಳ ಸಾಕು.

ಎರಡು ಕೆಲಸ ಮಾಡಿಸಿ. ಪ್ಲೇಟಿನ ತೂಕವನ್ನು ಗಾಳಿ ಸಿಲಿಂಡರ್ ಅಥವಾ ಎದುರುತೂಕದಿಂದ ಸರಿದೂಗಿಸಿ. ಡ್ರೈವಿನ ಕೆಪಾಸಿಟರಿನಲ್ಲಿ ಉಳಿದ ಶಕ್ತಿಯಿಂದ ಮೋಟಾರು ಹಿಡಿದುಕೊಂಡಿರುವಾಗಲೇ ಬ್ರೇಕಿಗೆ ಆಜ್ಞೆ ಹೋಗುವಂತೆ ಮಾಡಿಸಿ. ಎರಡು ಬ್ರೇಕೂ ಹಿಡಿಯಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತವೆ ಅಂತ ಅಳೆದು ಯಂತ್ರದ ಪುಸ್ತಕದಲ್ಲಿ ಬರೆದಿಡಿ. ಪ್ಯಾಡ್ ಸವೆದಂತೆ ಅದು ಬದಲಾಗುತ್ತದೆ, ಹಾಗಾಗಿ ಆಗಾಗ ಅಳೆಯಬೇಕು. ಇದೆಲ್ಲ ಆಗುವವರೆಗೂ ಮೇಲಕ್ಕೆತ್ತಿದ ಪ್ಲೇಟಿನ ಕೆಳಗೆ ಲಾಕ್ ಪಿನ್ ಹಾಕದೆ ಯಾರನ್ನೂ ಕೈ ಹಾಕಲು ಬಿಡಬೇಡಿ.